ಹರಳೆಣ್ಣೆ ಮೊದಲು, ತತ್ವ ಆಮೇಲೆ

ಅಂಚೆಟ್ಟಿ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಗಿಡ ಇದ್ದೇ ಇರುತ್ತಿತ್ತು. ನಮ್ಮಜ್ಜಿ ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಬಳಿದು ಸೀಸೆಗೆ ತುಂಬುತ್ತಿದ್ದಳು. ನೆತ್ತಿಗೂ ಅದೇ, ದೀಪಕ್ಕೂ ಅದೇ. ಹೊಟ್ಟೆ ಕಟ್ಟಿದರೆ ಮೂಗು ಹಿಡಿದು ಒಂದು ಚಮಚ. ಅವತ್ತೆಲ್ಲ ಹಿತ್ತಲು ಬಿಟ್ಟು ಕದಲುವಂತಿರಲಿಲ್ಲ.

ಇದೇ ಎಣ್ಣೆ ಇಟಲಿಯಲ್ಲಿ ಮುಸೊಲಿನಿಯ ಫ್ಯಾಸಿಸ್ಟರ ಆಯುಧವಾಗಿತ್ತು. 1920–21ರಲ್ಲಿ ಪೋ ನದಿಯ ಬಯಲಿನ ಕೂಲಿಯವರು ಸಂಘ ಕಟ್ಟಿಕೊಂಡು ಭೂಮಾಲೀಕರ ಎದುರು ನಿಂತಿದ್ದರು. ಆ ಮಾಲೀಕರ ದುಡ್ಡಿನಲ್ಲಿ ಲಾರಿ ಹತ್ತಿದ ಕಪ್ಪಂಗಿಯ ಫ್ಯಾಸಿಸ್ಟರು ರಾತ್ರಿ ಬಂದು ಸಂಘದ ಮುಂದಾಳಿನ ಬಾಗಿಲು ಬಡಿಯುತ್ತಿದ್ದರು. ಮೊದಲು ದೊಣ್ಣೆ, ಆಮೇಲೆ ಬಾಯಿ ಬಿಡಿಸಿ ಹರಳೆಣ್ಣೆ. ಚಮಚದ ಲೆಕ್ಕವಿಲ್ಲ, ಸೀಸೆಯ ಲೆಕ್ಕ. ಕೆಲವರು ಸತ್ತೇ ಹೋದರು. ಉಳಿದವರು ಊರವರ ಕಣ್ಣೆದುರೇ ಬಟ್ಟೆ ಹೊಲಸು ಮಾಡಿಕೊಂಡರು. ಸತ್ತವನಿಗೆ ಊರು ಹಾರ ಹಾಕುತ್ತದೆ, ಇವನನ್ನು ಕಂಡು ಕಿಸಕ್ಕನೆ ನಗುತ್ತದೆ. ಆ ನಗು ಕಪ್ಪಂಗಿಯವರಿಗೆ ಬೇಕಿತ್ತು.

ಫ್ಯಾಸಿಸಂ ಎಂದರೇನು ಎಂದು ಕೇಳಿದ ಹುಡುಗರಿಗೆ ನಾನು ಮೊದಲು ಈ ಎಣ್ಣೆಯ ಕತೆಯನ್ನೇ ಹೇಳುತ್ತೇನೆ. ಪದದ ಅರ್ಥ ಸಣ್ಣದು. ಇಟಲಿಯ ಭಾಷೆಯಲ್ಲಿ ಫಾಶೊ ಅಂದರೆ ಕಟ್ಟು, ಹೊರೆ. ಕಾಡಿನ ಮಗ್ಗುಲಲ್ಲಿರುವ ನಮಗೆ ಸೌದೆ ಹೊರೆ ಗೊತ್ತಿಲ್ಲವೇ? ರೋಮನ್ನರ ಕಾಲದಲ್ಲಿ ಕೋಲುಗಳ ಕಟ್ಟಿನ ನಡುವೆ ಕೊಡಲಿ ಸಿಕ್ಕಿಸಿ ಅಧಿಕಾರಿಯ ಮುಂದೆ ಹೊತ್ತು ನಡೆಯುತ್ತಿದ್ದರು. ಮುಸೊಲಿನಿ 1919ರ ಮಾರ್ಚ್ 23ರಂದು ಮಿಲಾನ್‌ನಲ್ಲಿ ತನ್ನ ಗುಂಪು ಕಟ್ಟಿದಾಗ ಹೆಸರು ಆ ಫಾಶೊ ಪದದಿಂದ ಬಂತು, ಗುರುತು ಆ ಕೊಡಲಿಯ ಕಟ್ಟಿನಿಂದ. ಆಗಿನ ಬೇಡಿಕೆಗಳಲ್ಲಿ ಹೆಂಗಸರಿಗೆ ಮತ, ಎಂಟು ಗಂಟೆಯ ದುಡಿಮೆ ಎಲ್ಲ ಇದ್ದವು. ಸಮಾಜವಾದಿ ಪತ್ರಿಕೆ ನಡೆಸಿದ್ದವನಲ್ಲವೇ, ಹಳೆಯ ವಾಸನೆ. ಪ್ರಭುತ್ವದ ಹೊರಗೆ ಮನುಷ್ಯನಿಗೆ ಬೆಲೆಯಿಲ್ಲ ಎಂಬ ಸಿದ್ಧಾಂತವನ್ನು ಅಚ್ಚುಕಟ್ಟಾಗಿ ಬರೆದು ವಿಶ್ವಕೋಶದಲ್ಲಿ ಅಚ್ಚು ಹಾಕಿಸಿದ್ದು 1932ರಲ್ಲಿ, ಗದ್ದುಗೆ ಏರಿ ಹತ್ತು ವರ್ಷವಾದ ಮೇಲೆ. ಅದರಲ್ಲೂ ಮೊದಲ ಭಾಗ ಬರೆದುಕೊಟ್ಟವನು ಜೆಂಟಿಲೆ ಎಂಬ ತತ್ವಶಾಸ್ತ್ರಜ್ಞ.

ಆ ಗದ್ದುಗೆಯಾದರೂ ಹೇಗೆ ಸಿಕ್ಕಿತು? 1921ರ ಚುನಾವಣೆಯಲ್ಲಿ 535 ಸ್ಥಾನಗಳಲ್ಲಿ ಫ್ಯಾಸಿಸ್ಟರಿಗೆ ಬಂದದ್ದು 35. 1922ರ ಅಕ್ಟೋಬರ್ 28ರಂದು ಕಪ್ಪಂಗಿಯವರು ರೋಮ್‌ನತ್ತ ಹೊರಟಾಗ ಪ್ರಧಾನಿ ಫಾಕ್ಟಾ ಸೇನಾಡಳಿತದ ಆಜ್ಞೆ ಸಿದ್ಧಮಾಡಿಸಿದ. ದೊರೆ ವಿಕ್ಟರ್ ಇಮಾನ್ಯುಯೆಲ್ ಸಹಿ ಹಾಕಲೊಪ್ಪಲಿಲ್ಲ. ಮುಸೊಲಿನಿ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದ.

ನಮ್ಮಲ್ಲಿ ಒಂದು ಸಹಿ ಬಿದ್ದದ್ದರಿಂದ ಕೆಟ್ಟಿತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ. ಇಂದಿರಾ ಗಾಂಧಿಯವರನ್ನು ಮುಸೊಲಿನಿ ಎಂದು ಕರೆಯುವವರ ಜೊತೆ ನಾನಿಲ್ಲ. ಅವರು 1977ರಲ್ಲಿ ಚುನಾವಣೆ ಮಾಡಿಸಿದರು, ಸೋತರು, ಕುರ್ಚಿ ಬಿಟ್ಟರು. ಮುಸೊಲಿನಿ ಅಂಥ ಚುನಾವಣೆಗೆ ಕೊನೆತನಕ ದಾರಿ ಕೊಡಲಿಲ್ಲ. ಆದರೆ ಬಾಗಿಲು ಬಡಿಯುವ ಸದ್ದು ಅಷ್ಟೇನೂ ಬೇರೆಯಿರಲಿಲ್ಲ.

ಅಂಚೆಟ್ಟಿ ಆಗ ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿತ್ತು. ಮದರಾಸಿನಲ್ಲಿ ಕರುಣಾನಿಧಿಯವರ ಸರ್ಕಾರ. ತುರ್ತು ಪರಿಸ್ಥಿತಿಯನ್ನು ಅದು ಬಹಿರಂಗವಾಗಿಯೇ ವಿರೋಧಿಸಿತ್ತು. ಕಾನೂನು ಗಡಿಯ ಎರಡೂ ಕಡೆ ಒಂದೇ ಆದರೂ ಕರ್ನಾಟಕದ ಅತ್ತಿಬೆಲೆಯ ಆಚೆ ಇದ್ದ ಹೆದರಿಕೆ ಹೊಸೂರಿನ ಈಚೆ ಅಷ್ಟಿರಲಿಲ್ಲ. 1976ರ ಜನವರಿ 31ರಂದು ದೆಹಲಿ ಆ ಸರ್ಕಾರವನ್ನೂ ಕಿತ್ತುಹಾಕಿತು. ಅಲ್ಲಿಗೆ ಗಡಿಯ ಅಂತರವೂ ಮುಗಿಯಿತು.

ಅದೇ ವರ್ಷ ಮೇ ತಿಂಗಳಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಸರ್ಕಾರದ ವಿರುದ್ಧ ಸ್ಫೋಟದ ಸಂಚು ಎಂದು ಹೂಡಿದ್ದ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಹಿಡಿದಿದ್ದರೂ ಅದರ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಸ್ತಮಾ ಇದ್ದ ಆ ಹೆಂಗಸು ಎಂಟು ತಿಂಗಳು ಒಳಗಿದ್ದರು. ಪೆರೋಲ್ ಸಿಕ್ಕಿದ್ದು 1977ರ ಜನವರಿ 15ಕ್ಕೆ. 18ಕ್ಕೆ ಚುನಾವಣೆ ಘೋಷಣೆಯಾಯಿತು. 20ಕ್ಕೆ ಅವರು ತೀರಿಕೊಂಡರು.

ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಕೂರಬೇಕೆಂದವರು ಇವತ್ತು ಅಲ್ಲೇ ಹೋಗಿ ಕೂರಬೇಕು.