ಚೀಟಿ ಇದೆ, ಎಣಿಸಲು ಮಾತ್ರ ಪುರುಸೊತ್ತಿಲ್ಲ

ಮತಯಂತ್ರದಲ್ಲಿ ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ಇನ್ನಷ್ಟು ಎಣಿಸಿ ಎಂದೊಡನೆ ಬರುವ ಮೊದಲ ಆಕ್ಷೇಪ, ಫಲಿತಾಂಶ ತಡವಾಗುತ್ತದೆ ಎಂಬುದು. ಅರ್ಧದಷ್ಟು ಎಣಿಸಿದರೂ ಐದಾರು ದಿನ ಬೇಕೆಂದು ಚುನಾವಣಾ ಆಯೋಗ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಆಗಲಿ. 2024ರ ಲೋಕಸಭಾ ಚುನಾವಣೆಯಲ್ಲಿ ಏಪ್ರಿಲ್ 19ರಂದು ಮತದಾನ ಮುಗಿಸಿದ ಯಂತ್ರಗಳು ಎಣಿಕೆಯ ದಿನವಾದ ಜೂನ್ 4ರವರೆಗೆ, ಅಂದರೆ 46 ದಿನ, ಬೀಗ ಹಾಕಿದ ಕೋಣೆಯಲ್ಲೇ ಇದ್ದವು. ಆಗ ಯಾರಿಗೂ ಅವಸರವಿರಲಿಲ್ಲ. ಒಂದು ಯಂತ್ರದ ಚೀಟಿ ಮುಗಿದ ಮೇಲೇ ಇನ್ನೊಂದಕ್ಕೆ ಕೈಹಾಕಬೇಕೆಂಬ ಕಟ್ಟಳೆಯೂ ಆಯೋಗದ್ದೇ. ನಾಲ್ಕು ಮೇಜು ಹೆಚ್ಚು ಹಾಕಬಾರದೆಂದು ಸಂವಿಧಾನವೇನೂ ಹೇಳಿಲ್ಲ.

ಕೈಯಿಂದ ಎಣಿಸಿದರೆ ತಪ್ಪಾಗುತ್ತದಂತೆ. ಹೀಗೆನ್ನುವವರು ಚುನಾವಣಾ ನಿಯಮ 56ಡಿ ಓದಿದಂತಿಲ್ಲ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಚೀಟಿಯ ಎಣಿಕೆಯಂತೆಯೇ ಫಲಿತಾಂಶ ತಿದ್ದಬೇಕು ಎನ್ನುತ್ತದೆ ಅದು. ಜಗಳ ಬಿಡಿಸಲು ಯೋಗ್ಯವಾದ ಎಣಿಕೆ, ಜಗಳಕ್ಕೆ ಮೊದಲು ನಂಬಲು ಅಯೋಗ್ಯ ಹೇಗಾಯಿತು?

ಮೂರನೆಯ ವಾದಕ್ಕೆ ಗಣಿತದ ಗತ್ತಿದೆ: ಇಡೀ ದೇಶಕ್ಕೆ 479 ಯಂತ್ರ ಪರೀಕ್ಷಿಸಿದರೂ ಸಾಕೆಂದು ತಜ್ಞರ ವರದಿಯೇ ಹೇಳಿದೆ, ನಾವು ವಿಧಾನಸಭಾ ಕ್ಷೇತ್ರಕ್ಕೆ ಐದರಂತೆ ನೋಡುತ್ತಿದ್ದೇವಲ್ಲ! ಆದರೆ ಅಭ್ಯರ್ಥಿ ಸೋಲುವುದು ತನ್ನ ಕ್ಷೇತ್ರದಲ್ಲಿ, ದೇಶದ ಸರಾಸರಿಯಲ್ಲಲ್ಲ. ಒಂದು ಕ್ಷೇತ್ರದಲ್ಲಿ 250 ಮತಗಟ್ಟೆಗಳಿವೆ, ಐದರಲ್ಲಿ ಯಂತ್ರ ಕೆಟ್ಟಿದೆ ಎನ್ನಿ. ಪರೀಕ್ಷೆಗೆಂದು ಲಾಟರಿ ಎತ್ತಿ ಆರಿಸಿದ ಐದರಲ್ಲಿ ಕೆಟ್ಟದ್ದು ಒಂದೂ ಸಿಗದಿರುವ ಸಾಧ್ಯತೆ ಶೇ. 90. ಐದು ಕೆಟ್ಟ ಯಂತ್ರದಿಂದ ಆಗುವುದೇನು ಎನ್ನುವವರು ಜಯನಗರ ವಿಧಾನಸಭಾ ಕ್ಷೇತ್ರವನ್ನು ನೆನೆಯಲಿ. 2023ರಲ್ಲಿ ಅಲ್ಲಿ ಗೆಲುವಿನ ಅಂತರ 16 ಮತ. ಅಲ್ಲಿ ಯಂತ್ರ ಕೆಟ್ಟಿತ್ತೆಂದು ನಾನು ಹೇಳುತ್ತಿಲ್ಲ. ಅಷ್ಟು ಸಣ್ಣ ಅಂತರವನ್ನು 479ರ ಲೆಕ್ಕ ಕಾಯುವುದಿಲ್ಲ ಎನ್ನುತ್ತಿದ್ದೇನೆ.

ಅನುಮಾನವಿದ್ದವರು ಮತಗಟ್ಟೆಯಲ್ಲೇ ದೂರಲಿ ಎಂಬ ಔದಾರ್ಯವೂ ಉಂಟು. ಚೀಟಿ ಕಾಣುವುದು ಏಳು ಸೆಕೆಂಡು. ದೂರಿದವರು ಲಿಖಿತ ಘೋಷಣೆ ಕೊಟ್ಟು ಪರೀಕ್ಷಾ ಮತ ಹಾಕಬೇಕು; ಆಗ ಯಂತ್ರ ಸರಿಯಾಗಿ ಮುದ್ರಿಸಿದರೆ ಸುಳ್ಳು ಹೇಳಿದ ಆರೋಪಕ್ಕೆ ಗುರಿಯಾಗಬೇಕು. ಒಮ್ಮೆ ತಪ್ಪಿದ ಯಂತ್ರ ಕರೆದಾಗಲೆಲ್ಲ ತಪ್ಪಿ ತೋರಿಸಬೇಕೆಂಬ ನಿರೀಕ್ಷೆ ಇದು.

ಕೊನೆಗೆ, ಕೋರ್ಟೇ ಮುಗಿಸಿಬಿಟ್ಟಿದೆ ಎನ್ನುತ್ತಾರೆ. 2024ರ ಏಪ್ರಿಲ್ 26ರಂದು ಪೂರ್ಣ ಎಣಿಕೆಯ ಬೇಡಿಕೆ ಬಿದ್ದುಹೋದದ್ದು ನಿಜ. ಆದರೆ ಚೀಟಿಗಳನ್ನು ಯಂತ್ರದಿಂದಲೇ ಎಣಿಸಲು ಸಾಧ್ಯವೇ, ಅವುಗಳ ಮೇಲೆ ಬಾರ್‌ಕೋಡ್ ಮುದ್ರಿಸಬಹುದೇ ಎಂದು ಪರಿಶೀಲಿಸಲು ಆಯೋಗಕ್ಕೆ ಸೂಚಿಸಿದ್ದೂ ಅದೇ ತೀರ್ಪು. ತಡವಾಗುತ್ತದೆ, ಕೈ ತಪ್ಪುತ್ತದೆ ಎಂಬ ಎರಡೂ ದೂರಿಗೆ ಅಲ್ಲೇ ಮದ್ದಿತ್ತು. ತೀರ್ಪು ಹಿಡಿದು ಬರುವವರು ಆ ಪುಟವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತಾರೆ.