ಕೋಣಗಳ ಓಟವೂ ಮೂರನೆಯ ಪಟ್ಟಿಯೂ

ನಮ್ಮ ನೆರೆಮನೆಯ ಹಿರಿಯರು ದಕ್ಷಿಣ ಕನ್ನಡದವರು. ನಿವೃತ್ತರಾಗಿ ಬೆಂಗಳೂರು ಸೇರಿದ್ದರೂ ಅವರ ಮನಸ್ಸು ಇನ್ನೂ ಊರಿನ ಗದ್ದೆಯಲ್ಲಿಯೇ ಇದೆ. ಮೊನ್ನೆ ಕಾಫಿಯ ವೇಳೆಗೆ ಬಂದವರು, "ಮಾಷ್ಟ್ರೇ, ಕಂಬಳ ನಮ್ಮದು, ಕೋಣ ನಮ್ಮದು, ಗದ್ದೆಯೂ ನಮ್ಮದು. ಅದಕ್ಕೆ ದೆಹಲಿಯ ಅಪ್ಪಣೆ ಏತಕ್ಕೆ ಬೇಕಾಯಿತು?" ಎಂದು ಕೇಳಿದರು. ಕನ್ನಡ ಕಲಿಸುವವನಿಗೆ ಈ ಪ್ರಶ್ನೆಯೇ ಎನ್ನಬೇಡಿ, ಬೀದಿಯಲ್ಲಿ ಎಂ.ಎ. ಆದವನೊಬ್ಬನಿದ್ದರೆ ಅವನು ಎಲ್ಲವನ್ನೂ ಬಲ್ಲನೆಂದೇ ಜನರ ಭಾವನೆ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳುಂಟು. ದೇಶರಕ್ಷಣೆ, ರೈಲು, ನಾಣ್ಯಗಳಂಥವು ಕೇಂದ್ರದ ಪಾಲು. ಪೊಲೀಸು, ಭೂಮಿ, ಬೇಸಾಯ ಮೊದಲಾದವು ರಾಜ್ಯದ ಪಾಲು. ಮೂರನೆಯದಾದ ಸಮವರ್ತಿ ಪಟ್ಟಿ ಮಾತ್ರ, ಪಾಲಾದ ಮನೆಯ ಹಿತ್ತಿಲಿನ ಬಾವಿಯಿದ್ದಂತೆ. ಅಣ್ಣತಮ್ಮಂದಿರಿಬ್ಬರೂ ನೀರು ಸೇದಬಹುದು. ಆದರೆ ಕೊಡಗಳೆರಡೂ ತಾಗಿದರೆ ಅಣ್ಣನದೇ ಮೇಲು. 254ನೆಯ ಅನುಚ್ಛೇದ ಹೇಳುವುದು ಇದನ್ನೇ.

ಪ್ರಾಣಿಹಿಂಸೆಯನ್ನು ತಡೆಯುವ ವಿಷಯ ಈ ಬಾವಿಗೆ ಸೇರಿದ್ದು. ಅದರ ಬಗೆಗೆ ಸಂಸತ್ತು 1960ರಲ್ಲಿಯೇ ಶಾಸನ ಮಾಡಿತ್ತು. ತಮಿಳುನಾಡು 2009ರಲ್ಲಿ ಜಲ್ಲಿಕಟ್ಟಿಗೆಂದು ತನ್ನದೇ ಶಾಸನ ಮಾಡಿಕೊಂಡಿತು. ಅದು ಕೇಂದ್ರದ ಶಾಸನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತಳ್ಳಿಹಾಕಿತು. ಆ ಬಿಸಿ ನಮ್ಮ ಕರಾವಳಿಗೂ ತಟ್ಟಿತು. 2016ರ ನವೆಂಬರಿನಲ್ಲಿ, ಕಂಬಳದ ಕಾಲದಲ್ಲಿಯೇ, ನಮ್ಮ ಹೈಕೋರ್ಟು ಓಟಕ್ಕೆ ತಡೆಯಾಜ್ಞೆ ನೀಡಿತು. ವರ್ಷವಿಡೀ ಮಕ್ಕಳಂತೆ ಸಾಕಿದ ಕೋಣಗಳು ಹಟ್ಟಿಯಲ್ಲಿಯೇ ಉಳಿದವು.

ಆದರೆ ಅದೇ 254ರಲ್ಲಿ ಒಂದು ಕಿರುಬಾಗಿಲುಂಟು. ರಾಜ್ಯದ ಮಸೂದೆ ಕೇಂದ್ರದ ಶಾಸನಕ್ಕೆ ವಿರುದ್ಧವಾಗಿದ್ದರೂ, ಅದನ್ನು ರಾಷ್ಟ್ರಪತಿಗಳಿಗಾಗಿ ಕಾದಿರಿಸಿ ಅವರ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಮಾತೇ ನಡೆಯುತ್ತದೆ. ನಮ್ಮ ವಿಧಾನಮಂಡಲ 2017ರ ಫೆಬ್ರುವರಿಯಲ್ಲಿ ಮಸೂದೆಯನ್ನು ಅಂಗೀಕರಿಸಿ ಕಳುಹಿಸಿತು. ದೆಹಲಿಯ ಓಡಾಟಗಳೆಲ್ಲ ಮುಗಿದು ಜುಲೈನಲ್ಲಿ ಸುಗ್ರೀವಾಜ್ಞೆ ಹೊರಟಿತು. (ಕಿಷ್ಕಿಂಧೆಯಲ್ಲಿ ಸುಗ್ರೀವನಿಗೆ ಇಷ್ಟು ಕಾಯುವ ಕಷ್ಟವಿರಲಿಲ್ಲ!) ಬಳಿಕ ಅದು ಶಾಸನವೂ ಆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿಯ ಓಟ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು.

"ಹಾಗಾದರೆ ಬಾಗಿಲು ತಟ್ಟಿದರೆ ಸಾಕಲ್ಲ!" ಎಂದರು ಹಿರಿಯರು. ತಟ್ಟಬಹುದು, ಆದರೆ ಒಳಗಿನಿಂದ ತೆರೆಯುವವನು ಅಣ್ಣನೇ. ಅಂಕಿತವೆಂಬುದು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ಬರುವಂಥದು. ಇಷ್ಟು ದಿನದೊಳಗೆ ಉತ್ತರ ಕೊಡಬೇಕೆಂದೂ ಸಂವಿಧಾನ ಗೊತ್ತುಮಾಡಿಲ್ಲ. ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ನನ್ನ ಅನ್ನದ ವಿಷಯವಾದ ಶಿಕ್ಷಣವನ್ನೇ ನೋಡಿ: ಮೊದಲು ರಾಜ್ಯದ ಪಟ್ಟಿಯಲ್ಲಿದ್ದುದನ್ನು, ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ನಲವತ್ತೆರಡನೆಯ ತಿದ್ದುಪಡಿ ಸಮವರ್ತಿ ಪಟ್ಟಿಗೆ ಒಯ್ದಿತು. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆ ಬೇಡವೆಂದು ತಮಿಳುನಾಡು ಕಳುಹಿಸಿದ ಮಸೂದೆ ಈ ಕಿರುಬಾಗಿಲಿನಲ್ಲಿಯೇ ವರ್ಷಗಟ್ಟಲೆ ನಿಂತಿತು. ಅಂಕಿತ ದೊರೆಯಲಿಲ್ಲವೆಂದು ಅಲ್ಲಿಯ ಮುಖ್ಯಮಂತ್ರಿಗಳು 2025ರಲ್ಲಿ ಸದನಕ್ಕೆ ತಿಳಿಸಿದರು. ಕೋಣಗಳಿಗೆ ತೆರೆದ ಬಾಗಿಲು ವಿದ್ಯಾರ್ಥಿಗಳಿಗೆ ತೆರೆಯಲಿಲ್ಲ.

"ನಮ್ಮ ಕಂಬಳಕ್ಕಂತೂ ಇನ್ನು ಭಯವಿಲ್ಲವಷ್ಟೆ?"

"ಸಂಸತ್ತು ಮನಸ್ಸು ಮಾಡಿದರೆ ಹೊಸ ಶಾಸನ ತಂದು ಇದನ್ನು ರದ್ದುಪಡಿಸಬಹುದು. ಅದೂ ಅದೇ ಅನುಚ್ಛೇದದಲ್ಲಿದೆ" ಎಂದೆ.

ಹಿರಿಯರು ಲೋಟವನ್ನು ಕೆಳಗಿಟ್ಟರು. "ಹಾಗಿದ್ದರೆ ಈ ವರ್ಷವೇ ನೋಡಿಬಿಡುವುದು ಲೇಸು, ಮಾಷ್ಟ್ರೇ. ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ."