ಮುದುಕರ ನಡಿಗೆ ನೋಡಿದಿರಾ?

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಹೇಳಿ ಎಷ್ಟು ಹಿರಿಯರನ್ನು ಮೂಲೆಗೆ ಕೂರಿಸಿದ್ದೇವೋ ಲೆಕ್ಕವಿಲ್ಲ. ನೆಲಕ್ಕೆ ಅಂಟಿದಂತೆ ಕಾಲೆಳೆಯುವ ನಡಿಗೆ, ತಡೆಯಲಾಗದ ಮೂತ್ರ, ಮರೆವು. ಮೂರೂ ಸೇರಿದರೆ ಅದು ಬರೀ ವಯಸ್ಸಿನ ಕಾಟ ಆಗಿರಲಿಕ್ಕಿಲ್ಲ ಸ್ವಾಮಿ. ಮಿದುಳಿನ ನೀರು ಇಂಗದೆ ನಿಂತಿರಬಹುದು. ಕೊಲಂಬಿಯಾದ ಡಾ. ಹಕೀಮ್ ಮತ್ತು ಜೊತೆಗಾರರು 1965ರಲ್ಲೇ ಇದನ್ನು ಬರೆದಿಟ್ಟರು.

ಮದ್ದು? ಷಂಟ್ ಎಂಬ ಸಣ್ಣ ಕೊಳವೆ. ಚರ್ಮದ ಕೆಳಗೇ ಹಾಯಿಸಿ ಹೆಚ್ಚಿನ ನೀರನ್ನು ಹೊಟ್ಟೆಗೆ ಬಿಡುತ್ತಾರೆ, ಅಲ್ಲಿ ತಾನಾಗಿ ಇಂಗುತ್ತದೆ. ತಲೆಬುರುಡೆ ಮುಟ್ಟದೆ ಸೊಂಟದ ಬೆನ್ನುಮೂಳೆಯಿಂದಲೂ ಕೊಳವೆ ಇಡಬಹುದು. ಜಪಾನಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೀಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 65 ಮಂದಿ ಮೂರು ತಿಂಗಳಲ್ಲಿ ಸುಧಾರಿಸಿದರು. ಕಾದು ಕೂತವರಲ್ಲಿ ನೂರಕ್ಕೆ 5.

“ಈ ವಯಸ್ಸಲ್ಲಿ ಮತ್ತು ಬರೋ ಇಂಜೆಕ್ಷನ್ ತಡ್ಕೊಳ್ತಾರಾ?” ಅನ್ನೋದು ಮನೆಯವರ ಭಯ. ನ್ಯಾಯವೇ. ಹೃದಯ, ಶ್ವಾಸಕೋಶ ಸೋತವರಿಗೆ ಪ್ರಜ್ಞೆ ತಪ್ಪಿಸದೆ, ಕೊಯ್ಯುವ ಜಾಗ ಮಾತ್ರ ಮರಗಟ್ಟಿಸಿ ಈ ಕೆಲಸ ಮುಗಿಸಿದ ವೈದ್ಯರಿದ್ದಾರೆ. ಎಲ್ಲರಿಗೂ ಒಗ್ಗದು. ಕೊಳವೆ ಕಟ್ಟಬಹುದು, ಸೋಂಕು ತಗಲಬಹುದು. ಅದಕ್ಕೇ ಮೊದಲು ಸ್ಕ್ಯಾನ್. ಆಮೇಲೆ ಬೆನ್ನಿನಿಂದ 30ರಿಂದ 50 ಮಿ.ಲೀ. ನೀರು ತೆಗೆದು ನಡಿಗೆ ಸುಧಾರಿಸಿತೇ ಅಂತ ನೋಡೋದು.

ನಮ್ಮ ಕಡೆ ಈ ಅನುಮಾನವೇ ಯಾರಿಗೂ ಬರೋದಿಲ್ಲ, ಅದೇ ದೊಡ್ಡ ತೊಂದರೆ. ಡಾಕ್ಟರೇ, ಬಿ.ಪಿ., ಶುಗರ್ ಚೀಟಿ ಬರೆಯುವ ಮೊದಲು ಅಜ್ಜನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ. ಸಂಶಯ ಬಂದರೆ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸಿ. ನಡೆಸಿ ನೋಡಲು ಸರ್ಕಾರದ ಆದೇಶವೂ ಬೇಡ, ಕಾಸೂ ಬೇಡ.